ಮನೆಯಲ್ಲೇ ಇರುವ ಡಾಕ್ಟರು

ಪ್ರೀತಿಯ ತಂಗಿಗೆ,

ಫೋನಿನಲ್ಲಾದರೆ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಈ ಕಾಗದ. ಈ ಊರಿಗೆ ಹೃದಯದ ಡಾಕ್ಟರೆಂದರೆ ನನ್ನ ಮೈದುನ ಒಬ್ಬನೇ. ಎದೆನೋವೆಂದು ಅವನಿಗೆ ಮೂರು ಸಲ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ಗ್ಯಾಸ್ ಅಷ್ಟೇ, ಅತ್ತಿಗೆ" ಎಂದ. ಪಕ್ಕದೂರಿನಲ್ಲಿ ತೋರಿಸುತ್ತೇನೆಂದರೆ ನಿಮ್ಮ ಭಾವ, "ಮನೇಲೇ ಡಾಕ್ಟರ್ ಇಟ್ಕೊಂಡು ಹೊರಗೆ ಹೋದ್ರೆ ಅವನ ಮರ್ಯಾದೆ ಏನಾಗ್ಬೇಕು?" ಎಂದರು.

ನಿನ್ನೆ ಬಟ್ಟೆಯ ಬಕೆಟ್ ಹೊತ್ತು ಮೆಟ್ಟಿಲು ಹತ್ತುವಾಗ ಎಡಗೈ ಸೆಳೆದು, ಮೈ ಬೆವರಿ, ಅಲ್ಲೇ ಕುಳಿತುಬಿಟ್ಟೆ. ಮೇಲಿನಿಂದ ಇಳಿದು ಬಂದ ಮೈದುನ, "ಸ್ವಲ್ಪ ದಾರಿ ಬಿಡಿ ಅತ್ತಿಗೆ, ಪೇಷೆಂಟ್ ಕಾಯ್ತಿದ್ದಾರೆ" ಎಂದ. ಸರಿದು ಕುಳಿತೆ.

ನಿಮ್ಮೂರಲ್ಲಿ ಒಬ್ಬ ಹೃದಯದ ಡಾಕ್ಟರನ್ನು ಹುಡುಕಿಡು. ನಿನಗೇ ಹುಷಾರಿಲ್ಲ, ಆರೈಕೆಗೆ ಅಕ್ಕ ಬೇಕೆಂದು ಭಾವನಿಗೆ ಹೇಳು. ನಿನ್ನ ಕಾಯಿಲೆಗಾದರೆ ಕಳಿಸುತ್ತಾರೆ.

ನೀನು ಬೇಗ ಹಾಸಿಗೆ ಹಿಡಿಯಲೆಂದು ಕಾದಿರುವ,
ನಿನ್ನ ಅಕ್ಕ