ನೆಲ ಒದ್ದೆ ಇತ್ತು

ಗುರುವಾರ, ನಾಲ್ಕನೇ ತಾರೀಖು
ಬೆಳಗಿನ ಒಂಬತ್ತು ಗಂಟೆ

ನನ್ನ ಕುಳ್ಳಿಗೆ,

ನನಗಿಂತ ಒಂದು ಗೇಣು ಎತ್ತರ ಬೆಳೆದವಳನ್ನು ಹೀಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ, ಕರೆದಿದ್ದೇನೆ.

ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ನಾಲ್ಕು ವರ್ಷದ ಮೇಲೆ ಒಂದೇ ಸಾಲು: ಹದಿನಾಲ್ಕನೇ ತಾರೀಖು ಭಾನುವಾರ ಊರಿಗೆ ಬರುತ್ತಿದ್ದೇನೆ, ಮನೆಗೆ ಬರಲೋ ಬೇಡವೋ ಬರೆದು ತಿಳಿಸು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಗಡಿ ಬೋರ್ಡು ಬರೆಯುವವಳ ಅಕ್ಷರ, ನೆಟ್ಟಗೆ ನಿಂತಿವೆ. ಬಲಗೈ ಮಣಿಕಟ್ಟು ಸರಿಹೋಗಿದೆ ಎಂದುಕೊಂಡೆ. ಆಮೇಲೆ ಕೊನೆಯ ಅಕ್ಷರ ಕೊಂಚ ವಾಲಿದಂತೆ ಕಂಡು ಅವತ್ತು ಊಟ ಸೇರಲಿಲ್ಲ.

ಉತ್ತರ ಬರೆಯೋಣವೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಈಗಷ್ಟೇ ಎದ್ದು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ಆರಿಸಿದ್ದೆ. ಇಪ್ಪತ್ತೇಳು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದವಳಿಗೆ ನಿವೃತ್ತಿ ಎಂದರೇನೆಂದೇ ತಿಳಿಯಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಟ್ರಿಪ್ ಹೊಡೆಯುತ್ತಿದ್ದೆ. ಈ ಗಾಡಿಗೆ ಸ್ಟಾಪೇ ಇಲ್ಲ ಎಂದು ನಿಮ್ಮಪ್ಪ ನಗುತ್ತಿದ್ದರು.

ಕೊನೆಗೆ ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿ ತೈ ಚಿ ಎನ್ನುವ ಚೀನೀ ವ್ಯಾಯಾಮದ ಕ್ಲಾಸಿಗೆ ಸೇರಿದೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿತ್ತು, ಅಷ್ಟೆ. ಲೈಬ್ರರಿ ಮಹಡಿಯ ಹಾಲಿನಲ್ಲಿ, ಬೆಳಗ್ಗೆ ಆರೂವರೆಗೆ, ಒಂಬತ್ತು ಜನ. ಕಲಿಸುವವರು ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು, ನಾವು ಮೇಷ್ಟ್ರು ಎನ್ನುತ್ತೇವೆ. ಕೈಕಾಲು ನಿಧಾನವಾಗಿ ಆಡಿಸುವುದೆಲ್ಲ ಆಮೇಲೆ. ಮೊದಲು ಹದಿನೈದು ನಿಮಿಷ ಸುಮ್ಮನೆ ನಿಲ್ಲಬೇಕು, ಮಂಡಿ ಸಡಿಲ ಬಿಟ್ಟು, ತೋಳುಗಳನ್ನು ಯಾರನ್ನೋ ತಬ್ಬಿದ ಹಾಗೆ ಎದೆಯ ಮುಂದೆ ದುಂಡಗೆ ಹಿಡಿದು. ಮೂರನೇ ನಿಮಿಷಕ್ಕೆ ನನ್ನ ಮೈಮೇಲೆಲ್ಲ ಇರುವೆ ಹರಿದಾಡುತ್ತಿದ್ದವು. ಮುಂದೆ ನಡೀರಿ, ಮುಂದೆ ನಡೀರಿ ಎಂದು ಕಿರುಚಬೇಕೆನಿಸುತ್ತಿತ್ತು. ಚಿಕ್ಕವಳಿದ್ದಾಗ ನೀನು ಕನ್ನಡಿ ಮುಂದೆ ನಿಂತರೂ, ಹಾಲು ಕುಡಿಯಲು ತಡ ಮಾಡಿದರೂ ನಾನು ಅದೇ ಮಾತು ಹೇಳುತ್ತಿದ್ದೆ, ಅಲ್ಲವೇ.

ಮೇಷ್ಟ್ರು ನನ್ನ ತಪ್ಪು ಕಂಡುಹಿಡಿದರು. ಬ್ರೇಕ್ ಬಿದ್ದರೆ ಮುಗ್ಗರಿಸಬಾರದೆಂದು ಎರಡೂ ಪಾದ ಅಗಲಿಸಿ ಗಟ್ಟಿಯಾಗಿ ಊರುವುದು ನನ್ನ ಕಸುಬಿನ ಅಭ್ಯಾಸ. ಅವರ ವಿದ್ಯೆಯಲ್ಲಿ ಅದೇ ದೊಡ್ಡ ದೋಷವಂತೆ. ಒಂದು ಕಾಲು ತುಂಬಿರಬೇಕು, ಇನ್ನೊಂದು ಖಾಲಿ ಇರಬೇಕು, ಎರಡರ ಮೇಲೂ ಭಾರ ಹೇರಿಕೊಂಡವರು ಎತ್ತಲೂ ಹೋಗಲಾರರು ಎಂದರು. ನೆಲ ಓಡ್ತಾ ಇಲ್ಲಮ್ಮ, ಯಾಕಿಷ್ಟು ಬಿಗಿ ಹಿಡ್ಕೊಂಡಿದ್ದೀರಿ ಎಂದು ಕೇಳಿದರು.

ದೇವರು ದಿಂಡರು ಎಂದು ಅವರು ಒಂದು ದಿನವೂ ಬಾಯಿ ಬಿಟ್ಟಿಲ್ಲ. ಆದರೂ ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ನನ್ನ ಎಡಗಾಲು ನಿಜಕ್ಕೂ ಖಾಲಿಯಾಯಿತು. ಉಸಿರು ತಾನಾಗಿಯೇ ಹೊಟ್ಟೆಗಿಳಿಯಿತು. ಡಿಪೋಗೆ ಬಂದು ಇಂಜಿನ್ ಆರಿಸಿದ ಮೇಲೆ ಬಸ್ಸಿನೊಳಗೆ ಒಂದು ಮೌನವಿರುತ್ತದಲ್ಲ, ಅಂಥದ್ದು ನನ್ನೊಳಗೆ. ಆ ಮೌನದಲ್ಲಿ ದೇವರು ಕಾಣಲಿಲ್ಲ. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ನೀನು ಕಂಡೆ. ಹೆದರಿ ಕಣ್ಣು ಬಿಟ್ಟೆ. ಒಂದು ವಾರ ಕ್ಲಾಸಿನ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಮಂಗಳವಾರ ಜೋಡಿ ಅಭ್ಯಾಸವಿತ್ತು. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಬೇಕು. ಎದುರಿನವರು ಒತ್ತಿದರೆ ತಿರುಗಿ ಒತ್ತಬಾರದು, ಬರುವುದಕ್ಕೆ ಜಾಗ ಬಿಡಬೇಕು. ನನಗೆ ಜೋಡಿಯಾದವಳು ಔಷಧಿ ಅಂಗಡಿಯವಳು, ನಿನ್ನ ವಯಸ್ಸಿನವಳೇ. ಅವಳ ಮಣಿಕಟ್ಟು ಮೆತ್ತಗೆ ತಾಗಿತು. ನನ್ನ ಎರಡೂ ಕೈಗಳು ನನ್ನನ್ನೂ ಕೇಳದೆ ಅವಳನ್ನು ತಳ್ಳಿಬಿಟ್ಟವು. ದೊಪ್ಪನೆ ಕೂತಳು. ಪೆಟ್ಟಾಗಿರಲಿಲ್ಲ, ನಗುತ್ತಿದ್ದಳು. ಯಾರೂ ಏನೂ ಕೇಳುವ ಮೊದಲೇ ನಾನು, ನೆಲ ಒದ್ದೆ ಇತ್ತು, ಜಾರಿದ್ಲು ಎಂದೆ.

ಎಲ್ಲರೂ ಬಗ್ಗಿ ನೆಲ ನೋಡಿದರು. ಹಲಗೆಯ ನೆಲ, ಧೂಳು ಎದ್ದು ಕಾಣುತ್ತಿತ್ತು. ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಸವರಿ, ಒಣಗಿದೆಯಲ್ಲಮ್ಮ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಬಂದುಬಿಟ್ಟೆ.

ಕುಳ್ಳಿ, ನಮ್ಮ ಬಾಗಿಲ ಬಳಿಯ ನೆಲವೂ ಅವತ್ತು ಒಣಗಿತ್ತು. ನೀನು ಜಾರಲಿಲ್ಲ, ನಾನು ತಳ್ಳಿದೆ. ಡಿಪೋ ಆಫೀಸಿನಲ್ಲಿ ನಾನು ಯಾರ್ಯಾರದೋ ಕೈಕಾಲು ಹಿಡಿದು ಕೊಡಿಸಿದ ಕೆಲಸ ಬಿಟ್ಟು ಬೋರ್ಡು ಬರೆಯಲು ಕಲಿಯುತ್ತೇನೆಂದು ನೀನು ಹೊರಟಿದ್ದೆ. ಹೋಗುವ ಮುಂಚೆ ನನ್ನ ತೋಳು ಮುಟ್ಟಿದೆ, ತಬ್ಬಿಕೊಳ್ಳಲೆಂದೇ ಬಂದಿದ್ದೆಯೇನೋ. ನಾನು ತಳ್ಳಿದೆ. ನೀನು ಮೆಟ್ಟಿಲ ಮೇಲೆ ಬಲಗೈಯೂರಿ ಬಿದ್ದೆ, ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ ನೆಲ ಒದ್ದೆ ಇತ್ತು ಎಂದವಳು ನಾನು. ನೀನು ನನ್ನ ಮುಖ ನೋಡಿದೆ. ಪ್ಲಾಸ್ಟರ್ ಹಾಕಿಸಿಕೊಂಡು ಅಲ್ಲಿಂದಲೇ ಹೊರಟುಹೋದೆ.

ಮನೆಯಲ್ಲಿ ನೆಲ ಒರೆಸುವುದು ನಿಮ್ಮಪ್ಪನ ಕೆಲಸ. ನನ್ನ ಸುಳ್ಳು ಹೋಗಿ ಅವರ ತಲೆಯ ಮೇಲೆ ಕೂತಿತು. ನಾಲ್ಕು ವರ್ಷದಿಂದ ಬಂದವರಿಗೆಲ್ಲ, ನಂದೇ ತಪ್ಪು, ಒಣಗೋಕೆ ಬಿಡಲಿಲ್ಲ ಎನ್ನುತ್ತಿದ್ದಾರೆ. ಬಾಗಿಲಿಗೆ ರಬ್ಬರ್ ಚಾಪೆ ತಂದು ಹಾಸಿದ್ದಾರೆ. ನಾನು ತುಟಿ ಪಿಟಿಕ್ಕೆನ್ನದೆ ಅದರ ಮೇಲೆಯೇ ಓಡಾಡಿಕೊಂಡಿದ್ದೇನೆ.

ಶಾಂತಿ ಸಿಕ್ಕಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಈ ಕಾಗದ ಬರೆಯುವಾಗಲೇ ಆರು ಸಲ ಎದ್ದಿದ್ದೇನೆ. ಆದರೆ ನಿಂತರೆ ಏನು ಕಾಣುತ್ತದೆಂದು ಗೊತ್ತಾಗಿಹೋಗಿದೆ, ಇನ್ನು ಓಡಿ ಪ್ರಯೋಜನವಿಲ್ಲ. ಬರಲೋ ಬೇಡವೋ ಎಂದು ನೀನು ಕೇಳಬಾರದಿತ್ತು ಮಗಳೇ. ಬರುತ್ತೀಯಾ ಎಂದು ನಾನು ಕೇಳಬೇಕಿತ್ತು. ಬಾ. ಬೈಯಬೇಕೆನಿಸಿದರೆ ಬೈ. ತಳ್ಳಬೇಕೆನಿಸಿದರೆ ತಳ್ಳು, ಒಂದು ಕಾಲು ಖಾಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ.

ನಿನ್ನ ತಪ್ಪಿತಸ್ಥ
ಅಮ್ಮ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಕಣ್ಣೊರೆಸಿಕೊಂಡು, ಗೊತ್ತು ಕಣೇ, ಅವತ್ತು ನಾನು ನೆಲ ಒರೆಸೇ ಇರಲಿಲ್ಲ ಎಂದರು. ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀನು ಒಂದು ನಿಮಿಷ ನಿಂತಿದ್ರೆ ತಾನೇ ಹೇಳೋದು ಎಂದರು. ಆಮೇಲೆ ಎದ್ದು ಹೋಗಿ ರಬ್ಬರ್ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು.