ಮಾವನಿಗೆ ಬಿದ್ದ ಚಪ್ಪಾಳೆ

ತಾಂದಿಲ್, ಅರ್ಜೆಂಟೀನಾ
ಭಾನುವಾರ

ಅಕ್ಕಾ,

ನನ್ನ ಕೆಮ್ಮು ನಿಂತಿದೆ. ಮಾವನ ಕಣ್ಣು ಮಾತ್ರ ಮಂಜಾಗುತ್ತಿದೆ, ಆದರೆ ಅವರು ಒಪ್ಪುವುದಿಲ್ಲ. ಇವತ್ತು ಮೂರು ಬೆರಳು ದಪ್ಪದ ದನದ ಮಾಂಸದ ತುಂಡುಗಳನ್ನು ಒತ್ತಿ ನೋಡಿಯೇ ಆರಿಸಿ ತಂದು ಕೆಂಡದ ಮೇಲಿಟ್ಟರು. ಇಲ್ಲಿ ಒಬ್ಬರು ಹೂಡಿದ ಕೆಂಡಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಸಲಹೆ ಕೊಟ್ಟರೂ ಅವಮಾನ. ಮಾಂಸ ಕರಕಲಾಗುವುದನ್ನು ಎಲ್ಲರೂ ನೋಡುತ್ತ ಕೂತೆವು. ಬಡಿಸಿದ ಮೇಲೆ ಬೇಯಿಸಿದವರಿಗೆ ಚಪ್ಪಾಳೆ ತಟ್ಟುವುದು ಪದ್ಧತಿಯಲ್ಲವೇ? ಅಂಗೈ ಉರಿಯುವಷ್ಟು ತಟ್ಟಿದೆವು.

ಮಾವ ಇಕ್ಕಳ ಕೆಳಗಿಟ್ಟರು. “ಚೆನ್ನಾಗಿ ಬೇಯಿಸಿದಾಗ ಯಾವತ್ತೂ ಇಷ್ಟು ಜೋರಾಗಿ ತಟ್ಟಿಲ್ಲ ನೀವು. ಮಿರ್ತಾ, ನಿಜ ಹೇಳಮ್ಮ, ಎಷ್ಟು ಸುಟ್ಟಿದೀನಿ?”

ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇವೆ. ಮಾವನೇ ಕರೆದುಕೊಂಡು ಹೋಗು ಅಂದರು.

ಕಾರ್ಡು ತುಂಬಿತು.
ನಿನ್ನ ಮಿರ್ತಾ