ನೀವು ಕಲಿಸದೆ ಹೋದ ವೈಂಡಿಂಗ್

ಮಾವನವರಿಗೆ, ನಿಮ್ಮ ಸೊಸೆ ಸುಮಂಗಲಾಳ ನಮಸ್ಕಾರ.

ನಿಮ್ಮ ಫೋಟೋದ ಮುಂದೆ ನಿಂತು ಹೇಳಿದರೆ ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೌದು, ಚಿಂಚವಾಡದ ನಿಮ್ಮ ಅದೇ ಮೋಟಾರು ರಿಪೇರಿ ಅಂಗಡಿಯಲ್ಲಿ. ಅದು ಇನ್ನೂ ನಮ್ಮದೇ.

ಒಂದು ಮಧ್ಯಾಹ್ನ ನಿಮಗೆ ಊಟದ ಡಬ್ಬಿ ತಂದವಳು ಹಾಗೇ ನಿಂತುಬಿಟ್ಟಿದ್ದೆ, ನೆನಪಿದೆಯೇ? ಸುಟ್ಟ ಮೋಟಾರಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿಯ ಸುರುಳಿಗಳನ್ನು ಒಂದೊಂದೇ ಸಂದಿಗೆ ಕೂರಿಸಿ ವೈಂಡಿಂಗ್ ಮಾಡುತ್ತಿದ್ದಿರಿ. "ನನಗೂ ಕಲಿಸ್ರಿ ಮಾವಾ" ಅಂದೆ. ನೀವು ನಕ್ಕಿರಿ. "ಬ್ಯಾಡವಾ ತಂಗಿ. ಕರೆಂಟಿನ ಕೆಲಸ ಇದು, ಹೆಣ್ಮಕ್ಕಳಿಗೆ ಆಗೂದಲ್ಲ. ಡಬ್ಬಿ ಅಲ್ಲಿಡು." ಇಟ್ಟು ಬಂದೆ. ಮನೆ ಮುಟ್ಟುವವರೆಗೂ ಅಳುತ್ತಲೇ ಬಂದೆ ಅನ್ನುವುದು ನಿಮಗೆ ಗೊತ್ತಾಗಲೇ ಇಲ್ಲ. ನಾನಾದರೂ ಹೇಳಬೇಕಿತ್ತು. ನೀವು ಇದ್ದಾಗಲೇ...

ನೀವು ತೀರಿಕೊಂಡು ದಿನಕರ್ಮ ಮುಗಿದ ಮರುದಿನ ನಿಮ್ಮ ಮಗ ಅಂಗಡಿಯ ಮಾತು ತೆಗೆದರು. "ಬಿಟ್ಟುಬಿಡೂಣು. ಮೊಬೈಲ್ ಕವರ್ ಮಾರಾಂವ ಕೇಳಾಕತ್ತಾನ. ನಂಗರ ಚಾಕಣದ ಫ್ಯಾಕ್ಟರಿ ಶಿಫ್ಟ್ ಬಿಟ್ಟು ಕೂಡಾಕ ಆಗೂದಿಲ್ಲ."

"ನಾ ಕೂಡ್ತೀನ್ರಿ."

"ಕೂತು ಏನ್ ಮಾಡ್ತಿ? ಅಪ್ಪಾ ಜನ್ಮಪೂರ್ತಿ ಮಾಡಿದ ಕೆಲಸ ಅದು!"

"ಯುಗಾದಿ ತನಕ ಬಿಡ್ರಿ. ಆಗಲಿಲ್ಲಂದ್ರ ಚಾವಿ ನಾನ ಕೊಟ್ಟು ಬರ್ತೀನಿ."

ಅವರು ಚಾವಿಯನ್ನು ನನ್ನ ಕಡೆ ಸರಿಸಿದರು.

ಗುಜರಿಯ ಭಂಗಾರದವನ ಹತ್ತಿರದಿಂದ ಸುಟ್ಟ ಟೇಬಲ್ ಫ್ಯಾನೊಂದನ್ನು ತಂದ ದಿನದಿಂದ ನನ್ನ ಶಾಲೆ ಶುರುವಾಯಿತು. ನೀವು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವರು. ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಹಾಗಾಗಿ ಆ ಫ್ಯಾನೇ ನನ್ನ ಮಾಸ್ತರು. ಹಳೆಯ ಸುರುಳಿಯ ಒಂದೊಂದೇ ಸುತ್ತು ಬಿಚ್ಚಿ ಎಣಿಸಿದೆ, ಯಾವ ತುದಿ ಎಲ್ಲಿಗೆ ಹೋಗುತ್ತದೆಂದು ಚಿತ್ರ ಬರೆದುಕೊಂಡೆ. ಅಷ್ಟೇ ಸುತ್ತು ಹೊಸ ತಂತಿ ಸುತ್ತಿ ಸ್ವಿಚ್ ಒತ್ತಿದರೆ ಎರಡೇ ನಿಮಿಷಕ್ಕೆ ಹೊಗೆ! ಮತ್ತೆ ಬಿಚ್ಚಿದೆ. ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿದ್ದೆನಲ್ಲ, ತಂತಿಯ ಮೇಲಿನ ತೆಳು ಲೇಪ ಕೆರೆದುಹೋಗಿತ್ತು. ಬಿದಿರಿನ ಚಕ್ಕೆಯೊಂದನ್ನು ಕೆತ್ತಿ, ಉಜ್ಜಿ ನುಣುಪು ಮಾಡಿ, ಅದರಿಂದ ಮೆಲ್ಲಗೆ ಒತ್ತಿದೆ. ಹೆಬ್ಬೆರಳುಗಳಲ್ಲಿ ಬೊಕ್ಕೆ ಎದ್ದವು. ಈ ಸಲ ಫ್ಯಾನು ತಿರುಗಿತು ಮಾವಾ, ಆದರೆ ಉಲ್ಟಾ! ಗಾಳಿಯೆಲ್ಲ ಹಿಂದಿನ ಗೋಡೆಗೆ. ಒಬ್ಬಳೇ ಕೂತು ನಕ್ಕೆ. ಫ್ಯಾನು ಶುರುವಾಗಲು ಎಳೆತ ಕೊಡುವ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿದ ಮೇಲೆ ಗಾಳಿ ನನ್ನ ಮುಖಕ್ಕೆ ಬಂತು.

ಅದನ್ನು ಮನೆಗೆ ಒಯ್ದು ಅತ್ತೆಯವರ ಮುಂದೆ ಹಚ್ಚಿದ ಸಂಜೆ ನೀವು ಇರಬೇಕಿತ್ತು. ಅವರು ಸೆರಗು ಸರಿಮಾಡಿಕೊಂಡು ಫ್ಯಾನಿಗೆ ಇನ್ನಷ್ಟು ಹತ್ತಿರ ಬಂದು ಕೂತರು. ನನಗೆ ಇನ್ನೇನು ಬೇಕಿತ್ತು?

ಯುಗಾದಿಗೆ ಎಂಟು ದಿನವಿದ್ದಾಗ ಅಂಗಡಿಯ ಹಿಂದಿನ ಬಿಲ್ಡಿಂಗಿನ ಪಂಪು ಸುಟ್ಟಿತು. ನಾಲ್ಕು ಮಹಡಿಗೂ ನೀರಿಲ್ಲ. ಬೇರೆ ಕಡೆ ವಾರ ಬೇಕು ಅಂದರಂತೆ. ಅಲ್ಲಿನ ಶಾಂತಾ ಕಾಕೂ ನನ್ನ ಬಾಗಿಲಿಗೆ ಬಂದು ಮರಾಠಿಯಲ್ಲಿ, "ತುಲಾ ಜಮೇಲ್ ಕಾ ಗ?" ಎಂದು ಕೇಳಿದರು. ನಿನಗೆ ಸಾಧ್ಯವಾಗುತ್ತದೇನೇ ಅಂತ. ಕೆಟ್ಟರೆ ಅಷ್ಟೂ ಮನೆಯವರ ಮುಂದೆ ಕೆಡುವುದು, ಅಂಗಡಿಯೂ ಹೋದಂತೆಯೇ. "ಜಮೇಲ್, ಕಾಕೂ. ಎರಡು ದಿನ ಕೊಡಿ" ಅಂದೆ. ಎಣಿಸಿ ಬಿಚ್ಚಿದೆ, ಸುತ್ತಿದೆ, ವಾರ್ನಿಶ್ ಹಚ್ಚಿ ಇಡೀ ದಿನ ತಗಡಿನ ಮೇಲೆ ಬಿಸಿಲಿಗಿಟ್ಟೆ. ಬಲ್ಬು ಜೋಡಿಸಿ, ಕರೆಂಟು ಎಲ್ಲೂ ಸೋರುತ್ತಿಲ್ಲವೆಂದು ಎಲ್ಲ ತುದಿಗಳನ್ನೂ ಪರೀಕ್ಷಿಸಿದೆ. ನಿಮ್ಮ ಮಗ ರಜೆ ಹಾಕಿ ಪಂಪನ್ನು ಹೊತ್ತು ಬಿಲ್ಡಿಂಗಿಗೆ ತಂದು ಕೂರಿಸಿದರು. ಸ್ವಿಚ್ಚಿಗೆ ಕೈ ಹಾಕಿದಾಗ ಕಾಕೂ ಟೆರೇಸಿನ ನೀರಿನ ಟಾಕಿಯ ಹತ್ತಿರ, ಅರ್ಧ ಬಿಲ್ಡಿಂಗು ನನ್ನ ಬೆನ್ನ ಹಿಂದೆ. ಗುಂಯ್ ಅಂದಿತು. ತಿರುಗಿತು. ಮೇಲಿನಿಂದ ಕೂಗು ಬಂತು: "ಆಲಂ! ಪಾಣೀ ಆಲಂ!" ನೀರು ಬಂತು ಅಂತ. ಮೆಟ್ಟಿಲ ತುಂಬ ಚಪ್ಪಾಳೆ. ನಿಮ್ಮ ಮಗ ಗೋಡೆಗೆ ಒರಗಿ, "ಅಪ್ಪಾ ಇದ್ದಿದ್ದರ..." ಅಂದವರು ಕನ್ನಡಕ ತೆಗೆದು ಒರೆಸಿಕೊಂಡರು. ಯುಗಾದಿ ಬಂದುಹೋಯಿತು, ಚಾವಿ ನನ್ನ ಹತ್ತಿರವೇ ಉಳಿಯಿತು.

ಇವತ್ತು ಬೆಳಿಗ್ಗೆ ದೌಂಡಿನಿಂದ ಕಬ್ಬಿನ ಹೊಲದವರೊಬ್ಬರು ದೊಡ್ಡ ಮೋಟಾರನ್ನು ಟೆಂಪೋದಲ್ಲಿ ತಂದರು. ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮಿಸ್ತ್ರಿ ಕುಠೇ ಆಹೇತ್?" ಎಂದರು. ಮಿಸ್ತ್ರಿ ಎಲ್ಲಿದ್ದಾರೆ?

"ಮೀಚ್" ಅಂದೆ. ನಾನೇ.

ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ಟೆಂಪೋದವನಿಗೆ ಕೂಗಿ ಹೇಳಿದರು, "ಉತರವ್ ರೇ!" ಇಳಿಸು ಅಂತ.

ಇಷ್ಟು ದೊಡ್ಡದನ್ನು ನಾನು ಎಂದೂ ಬಿಚ್ಚಿಲ್ಲ, ಮಾವಾ. ಅವರಿಗೂ ಅದನ್ನು ಹೇಳಿಯೇ ಇಳಿಸಿಕೊಂಡೆ. ನಾಳೆ ಮೊದಲ ಸುತ್ತು ಬಿಚ್ಚುತ್ತೇನೆ. ಸುಟ್ಟರೆ ಮತ್ತೆ ಸುತ್ತುತ್ತೇನೆ. ಆದರೆ ಅವರ ಕಬ್ಬಿಗೆ ನೀರು ಹರಿಸಿಯೇ ಬಿಡುತ್ತೇನೆ.